ಹನ್ನೊಂದು ಗಂಟೆಗೆ ಕಚ್ಚುವ ನೀರು

ಕೇತಕಿಬಾಯಿ ಗಲಗಲಿ ಯಾವುದನ್ನೂ ಒಂದೇ ಸಲಕ್ಕೆ ನಂಬುವವರಲ್ಲ. ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವರ ಪಕ್ಕದ ಮೇಜಿಗೆ ಹನ್ನೊಂದು ವರ್ಷ ಕೂತವನು ನಾನು. ಕಬ್ಬಿನ ಹಾಲಿನಲ್ಲಿ ಸಿಹಿ ಎಷ್ಟಿದೆ ಎಂದು ಒಮ್ಮೆ ಅಳೆದದ್ದನ್ನು ಅವರು ಬರೆದುಕೊಳ್ಳುತ್ತಿರಲಿಲ್ಲ. ಗಾಜು ಒರೆಸಿ, ಇನ್ನೊಂದು ಹನಿ ಹಾಕಿ, ಕಣ್ಣಿಗೆ ಹಿಡಿದು ಮತ್ತೆ ನೋಡಿದ ಮೇಲೆಯೇ ಪೆನ್ನು ಎತ್ತುತ್ತಿದ್ದರು. ಒಂದು ಸಲ ಮಾದರಿ ತರುವವನೊಬ್ಬ ಸೋಮಾರಿತನ ಮಾಡಿ, ಏಳು ಗಂಟೆಯ ಹಾಲನ್ನೇ ಎರಡು ಬಾಟಲಿಗೆ ಸುರಿದು, ಒಂದರ ಮೇಲೆ ಎಂಟು ಎಂದು ಬರೆದು ತಂದಿಟ್ಟ. ನಮಗೆ ಯಾರಿಗೂ ಗೊತ್ತಾಗಲಿಲ್ಲ. ಕೇತಕಿಬಾಯಿ ಎರಡೂ ಅಂಕಿ ನೋಡಿ, "ಎರಡೂ ಒಂದ ಬಂದಾವ. ಗಾಣ ಹಿಂಗ ಎಂದೂ ನಡಿಯೂದಿಲ್ಲ," ಎಂದು ಎದ್ದು ಹೋಗಿ ಅವನನ್ನು ಹಿಡಿದರು. ಅಂದಿನಿಂದ ಲ್ಯಾಬಿನಲ್ಲಿ ಅವರೆಂದರೆ ಎಲ್ಲರಿಗೂ ಒಂದು ಅಂಜಿಕೆ.

ಅವರಿಗೆ ಆಗ ಐವತ್ತೊಂದು. ಮದುವೆ ಮಾಡಿಕೊಂಡಿರಲಿಲ್ಲ. ಜಮಖಂಡಿಯಲ್ಲಿ ತಾಯಿ ಮಥುರಾಬಾಯಿಯವರ ಜೊತೆ ಇದ್ದರು. ನನ್ನದೂ ಜಮಖಂಡಿಯೇ ಆದ್ದರಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಒಟ್ಟಿಗೆ ಹೋಗಿ, ಸಂಜೆ ಆರರ ಹೊತ್ತಿಗೆ ಒಟ್ಟಿಗೆ ಇಳಿಯುತ್ತಿದ್ದೆವು. ಈಗ ನಾನು ಹೇಳುವುದನ್ನೆಲ್ಲ ಅವರು ಆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು. ಕೆಲವನ್ನು ನಾನೇ ಕಂಡಿದ್ದೇನೆ.

ಅವರ ಮನೆಯ ಪಡಸಾಲೆಯಲ್ಲಿ ಕಡಲ ಮೀನುಗಳಿದ್ದವು. ಜಮಖಂಡಿಯಂಥ ಊರಲ್ಲಿ, ಅದೂ ವೈಷ್ಣವರ ಮನೆಯಲ್ಲಿ. ಅದು ಶುರುವಾದದ್ದೂ ಅವರ ಅಪನಂಬಿಕೆಯಿಂದಲೇ. ನಾಲ್ಕು ವರ್ಷಗಳ ಹಿಂದೆ ಲ್ಯಾಬಿನವರೆಲ್ಲ ಸೇರಿ ಕಡಲ ದಂಡೆಯ ಮಾಲವಣಕ್ಕೆ ಹೋಗಿದ್ದೆವು. ನಾವೆಲ್ಲ ನೀರಿಗಿಳಿದರೆ ಕೇತಕಿಬಾಯಿ ದಂಡೆಯ ಮೇಲಿನ ಒಂದು ಖಾನಾವಳಿಯ ಒಳಗೆ, ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತುಬಿಟ್ಟಿದ್ದರು. ಕಿತ್ತಳೆ ಬಣ್ಣದ, ಮೈಗೆ ಬಿಳಿ ಪಟ್ಟೆ ಹೊದ್ದ ಎರಡು ಮೀನು. ಇವು ನಮ್ಮ ಕಡೆ ಬದುಕುತ್ತವೆಯೇ ಎಂದು ಮರಾಠಿಯಲ್ಲಿ ಕೇಳಿದರು. ಖಾನಾವಳಿಯವನು ನಕ್ಕು, ಸಮುದ್ರ ಬಿಟ್ಟು ಅಷ್ಟು ದೂರ ಹೋದರೆ ಎಂಟು ದಿನವೂ ಇರುವುದಿಲ್ಲ ಎಂದ. ಬಾಯಿಯವರು ಅದನ್ನು ನಂಬಲಿಲ್ಲ. ಆರು ತಿಂಗಳು ಓದಿದರು. ಕೊಲ್ಹಾಪುರದಿಂದ ಕಡಲುಪ್ಪಿನ ಚೀಲ ತಂದರು, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ಕೊನೆಗೆ ಒಂದು ದಿನ ಮೀನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೊಲ್ಹಾಪುರದ ಬಸ್ಸಿನಿಂದ ಇಳಿದರು. ಕಬ್ಬಿನ ಹಾಲು ನೋಡುವಂಥದ್ದೇ ಒಂದು ಕೊಳವೆಯಿಂದ ನೀರಿನ ಉಪ್ಪು ನೋಡುತ್ತಿದ್ದರು, ಎರಡೆರಡು ಸಲ. ಮೀನುಗಳು ಬದುಕಿದವು. ಒಂದು ನೀಲಿ ಮೀನು ಬಂತು, ಕೆಂಪು ಬೆನ್ನಿನ ಒಂದು ಸೀಗಡಿ ಬಂತು, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಏಳೆಂಟು ಬಸವನಹುಳು ಬಂದವು.

ಮಥುರಾಬಾಯಿಗೆ ಎಪ್ಪತ್ತೆಂಟು, ಕಿವಿ ಮಂದ, ಕೈಯಲ್ಲಿ ಕೋಲು. ಅವರು ಪಡಸಾಲೆಯನ್ನು ದಾಟುವಾಗ ಮೀನು ನಾರುತ್ತದೆಂದು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. "ವಾಸ ಇಲ್ಲ ಆಯಿ," ಎಂದು ಮಗಳು ಹೇಳಿದರೆ, "ನಿನ್ನ ಮೂಗಿಗೆ ಇಲ್ಲ," ಎನ್ನುತ್ತಿದ್ದರು.

ಪೆಟ್ಟಿಗೆಗೆ ಎರಡು ಮೋಟರು. ಕೆಳಗಿನದು ನೀರನ್ನು ಸೋಸಿ ಮೇಲೆ ಕಳಿಸುತ್ತ ಹಗಲೂ ರಾತ್ರಿ ನಡೆಯುತ್ತಿತ್ತು. ಇನ್ನೊಂದು ಅಂಗೈಯಷ್ಟು ದೊಡ್ಡದು. ಅದು ನೀರೊಳಗೆ ಗಾಜಿಗೆ ಕಚ್ಚಿಕೊಂಡು ಅಲೆ ಎಬ್ಬಿಸುತ್ತಿತ್ತು. ಟೈಮರು ಇಟ್ಟಿದ್ದರಿಂದ ಅದು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಐದಕ್ಕೆ ನಿಲ್ಲುತ್ತಿತ್ತು. ರವಿವಾರ ಮುಂಜಾನೆ ಕೇತಕಿಬಾಯಿ ಅದನ್ನು ಬಿಚ್ಚಿ, ಉಪ್ಪಿನ ಕಟ್ಟು ಬಿಡಲೆಂದು ಇಡೀ ದಿನ ವಿನೆಗರ್ ನೀರಿನಲ್ಲಿ ನೆನೆಹಾಕುತ್ತಿದ್ದರು. ಇವೆಲ್ಲಕ್ಕೂ ಸೇರಿ ಗೋಡೆಯ ಮೇಲೆ ಒಂದು ಬೇರೆ ಸ್ವಿಚ್ಚು ಇತ್ತು. ಎಲ್ಲಿಯಾದರೂ ಕರೆಂಟು ಸೋರಿದರೆ ತಾನೇ ಕೆಳಗೆ ಬಿದ್ದು ಎಲ್ಲವನ್ನೂ ಆರಿಸುವಂಥದ್ದು. ಅದನ್ನು ಹಾಕಿಕೊಟ್ಟವನು ಕಲ್ಮೇಶ, ನಮ್ಮ ಓಣಿಯ ವೈರ್‌ಮನ್.

ಕಳೆದ ವರ್ಷ ಡಿಸೆಂಬರಿನಲ್ಲಿ, ಕಬ್ಬು ನುರಿಸುವ ಹಂಗಾಮು ಭರದಲ್ಲಿದ್ದಾಗ, ಒಂದು ಬುಧವಾರ ಸಂಜೆ ಕೇತಕಿಬಾಯಿ ಮನೆಗೆ ಬಂದರೆ ಪಡಸಾಲೆಯಲ್ಲಿ ಸಪ್ಪಳವಿಲ್ಲ. ಸ್ವಿಚ್ಚು ಕೆಳಗೆ ಬಿದ್ದಿತ್ತು. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಸ್ವಿಚ್ಚು ಮೇಲೆತ್ತಿದರು. ಎಲ್ಲ ಮೊದಲಿನಂತೆ ನಡೆಯಿತು. ಶುಕ್ರವಾರ ಮತ್ತೆ ಹಾಗೆಯೇ ಆಯಿತು. ಶನಿವಾರವೂ ಆಯಿತು. ರವಿವಾರ ಇಡೀ ದಿನ ಅವರು ಸ್ವಿಚ್ಚಿನ ಎದುರು ಕುರ್ಚಿ ಹಾಕಿಕೊಂಡು ಕೂತರು. ಅದು ಅಲುಗಲಿಲ್ಲ. ಸೋಮವಾರ ಅವರು ಡ್ಯೂಟಿಗೆ ಹೋದರು, ಸಂಜೆ ಬಂದರೆ ಸ್ವಿಚ್ಚು ಬಿದ್ದಿತ್ತು.

"ನಾ ಮನ್ಯಾಗ ಇದ್ರ ಬೀಳೂದಿಲ್ಲ. ನಾ ಇಲ್ಲದಾಗಷ್ಟ ಬೀಳ್ತದ," ಎಂದು ಮರುದಿನ ಬಸ್ಸಿನಲ್ಲಿ ಹೇಳಿದರು. "ಇದು ಮಷೀನಿನ ಕೆಲಸ ಅಲ್ಲ. ಮಷೀನಿಗೆ ನಾ ಎಲ್ಲಿ ಇದ್ದೇನಿ ಅಂತ ಹ್ಯಾಂಗ ಗೊತ್ತಾಗಬೇಕು?"

ಆಗ ನಾನು ಒಂದು ಮಾತು ಆಡಿದೆ. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. "ಕೆಲಸದಾಕಿ ಮ್ಯಾಲ ಒಂದು ಕಣ್ಣು ಇಡ್ರಿ," ಎಂದೆ. ನನಗೆ ಆ ಹೆಣ್ಣುಮಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಮಾತಿಗೊಂದು ಮಾತು ಅಂತ ಬಂದದ್ದು.

ಕೆಲಸದಾಕೆಯ ಹೆಸರು ಶಿವಗಂಗವ್ವ. ಐವತ್ತರ ಹತ್ತಿರದವಳು. ಒಂಬತ್ತು ವರ್ಷದಿಂದ ಆ ಮನೆಗೆ ಬರುತ್ತಿದ್ದಳು. ಕೇತಕಿಬಾಯಿ ಹೋದ ಮೇಲೆ, ಹನ್ನೊಂದರ ಸುಮಾರಿಗೆ ಬಂದು, ಪಾತ್ರೆ ತೊಳೆದು, ನೆಲ ಒರೆಸಿ, ಪೆಟ್ಟಿಗೆಯ ಗಾಜಿನ ಒಳಬದಿಯ ಪಾಚಿಯನ್ನು ಬಟ್ಟೆಯಿಂದ ಉಜ್ಜಿ ಹೋಗುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಮಾತಾಡದವರ ಮೇಲೆ ಅನುಮಾನ ಬೇಗ ಕೂರುತ್ತದೆ.

ಮರುದಿನ ಕೇತಕಿಬಾಯಿ ಮನೆ ಬಿಡುವಾಗ ಸ್ವಿಚ್ಚಿನ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ ಬಂದರು. ಯಾರ ಬೆರಳು ತಾಗಿದರೂ ಗುರುತು ಉಳಿಯಬೇಕು. ಸಂಜೆ ನೋಡಿದರೆ ಸ್ವಿಚ್ಚು ಬಿದ್ದಿತ್ತು, ಪೌಡರಿನ ಮೇಲೆ ಬೆರಳಿನ ಗುರುತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮನುಷ್ಯರ ಮೇಲಿನ ಅನುಮಾನ ಬಿಡುತ್ತಿದ್ದರು. ಕೇತಕಿಬಾಯಿ ಅಡುಗೆಮನೆಯ ಬಾಗಿಲಿಗೆ ಒರಗಿಸಿದ್ದ ತಾಯಿಯ ಕೋಲನ್ನು ನೋಡಿದರು. ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತುದಿ ನೋಡುತ್ತ ನಿಂತರು. ಮಥುರಾಬಾಯಿ ದೇವರ ಮುಂದೆ ಹೂಬತ್ತಿ ಹೊಸೆಯುತ್ತ ಕೂತವರು ತಲೆ ಎತ್ತಿದರು.

"ಏನು ಹುಡುಕ್ತಿ ಕೋಲಿನಾಗ?"

"ಏನಿಲ್ಲ ಆಯಿ."

"ಪೌಡರ್ ಹುಡುಕ್ತೀ. ಮುಂಜಾನೆ ನೀ ಹಾಕಿದ್ದು ನೋಡೀನಿ. ಕಿವಿ ಹೋಗ್ಯಾವ, ಕಣ್ಣು ಹೋಗಿಲ್ಲ." ಬತ್ತಿಯನ್ನು ತಟ್ಟೆಯಲ್ಲಿಟ್ಟು, "ನಿನ್ನ ಮೀನ ಸಾಯಬೇಕಂತ ನನಗ ಇದ್ದಿದ್ರ ಕೋಲು ಯಾಕ ಬೇಕು? ಒಂದು ತಂಬಿಗಿ ಬಿಸಿನೀರು ಸಾಕು," ಎಂದರು.

ಮಗಳು ಕೋಲನ್ನು ತಿರುಗಿ ಅದರ ಜಾಗಕ್ಕೆ ಇಟ್ಟರು. ತಾಯಿಯೂ ಮಗಳೂ ಆವತ್ತು ಬೇರೆ ಬೇರೆ ಊಟ ಮಾಡಿದರು.

ಉಳಿದವನು ಕಲ್ಮೇಶ. ಸ್ವಿಚ್ಚೇ ಕೆಟ್ಟಿದ್ದನ್ನು ತಂದು ಹಾಕಿರಬೇಕು ಎಂದು ಬಾಯಿಯವರು ಅವನನ್ನು ಕರೆಸಿದರು. ಅವನು ಬಂದಾಗ ಸಂಜೆ ಆರೂವರೆ. ಟೆಸ್ಟರ್ ಹಿಡಿದು ಅಲ್ಲಿ ಇಲ್ಲಿ ಮುಟ್ಟಿದ, ಸ್ವಿಚ್ಚನ್ನು ಹತ್ತು ಸಲ ಏರಿಸಿ ಇಳಿಸಿದ. ಏನೂ ಸಿಗಲಿಲ್ಲ. ಅಲೆಯ ಮೋಟರು ಐದಕ್ಕೇ ನಿಂತಿತ್ತು. ಅದಕ್ಕೊಂದು ಟೈಮರು ಇದೆ ಎಂದು ಅವನಿಗೆ ಗೊತ್ತಿಲ್ಲ, ಹೇಳಬೇಕೆಂದು ಇವರಿಗೆ ಹೊಳೆಯಲಿಲ್ಲ.

"ಸ್ವಿಚ್ಚು ಛಲೋನ ಐತ್ರಿ ಮೇಡಂ. ಇದು ಸುಮ್ಮ ಸುಮ್ಮನ ಬೀಳಾಂಗಿಲ್ಲ. ಎಲ್ಲೋ ಕರೆಂಟು ನೀರಿಗೆ ಇಳ್ಯಾಕತ್ತೈತಿ. ಒಂದು ದಿನ ರಜಾ ಹಾಕ್ರಿ, ಮೋಟರ್ ಎಲ್ಲಾ ಬಿಚ್ಚಿ ನೋಡೋಣು."

"ಹಂಗಾಮು ನಡದದ, ರಜಾ ಎಲ್ಲಿ ಕೊಡ್ತಾರ? ನೀ ಹಾಕಿದ ಮಾಲು ಕೆಟ್ಟದ ಅಂತ ಒಪ್ಪಿಕೊಳ್ಳಲಿಕ್ಕೆ ನಿನಗ ಇಷ್ಟ ಇಲ್ಲ. ಇದನ್ನ ಬಿಟ್ಟು ಡೈರೆಕ್ಟ್ ಲೈನ್ ಕೊಡು."

"ಬ್ಯಾಡ್ರಿ."

"ಎಂಟೆಂಟು ತಾಸು ಗಾಳಿ ಇಲ್ಲದ ಮೀನ ಹ್ಯಾಂಗ ಇರಬೇಕು? ಕೊಡು ಅಂದ್ರ ಕೊಡು."

ಕಲ್ಮೇಶ ಟೆಸ್ಟರನ್ನು ಜೇಬಿಗೆ ಇಟ್ಟುಕೊಂಡ. ಆಮೇಲೆ ಸ್ವಿಚ್ಚನ್ನು ಬಿಟ್ಟು ವೈರು ಎಳೆದ. "ಎರಡು ದಿನದ ಮಟ್ಟಿಗಷ್ಟ ಮೇಡಂ. ನೀವ ಹೇಳಿದ್ರಿ ಅಂತ ಮಾಡೇನಿ," ಎಂದು ಹೇಳಿ ಹೋದ. ಎರಡು ದಿನ ಹೋಗಿ ಎಂಟಾದವು. ಮೋಟರುಗಳು ಒಮ್ಮೆಯೂ ನಿಲ್ಲಲಿಲ್ಲ. ಕೇತಕಿಬಾಯಿಗೆ ತಾವು ಅಂದುಕೊಂಡದ್ದೇ ನಿಜ ಎನಿಸಿತು. ಅವರ ಮುಖದ ಮೇಲೆ ಎರಡು ವಾರದ ನಂತರ ನಗು ಕಂಡೆ.

ಶಿವಗಂಗವ್ವ ಸಾಮಾನ್ಯವಾಗಿ ಅವರಿಗೆ ಸಿಗುವವಳಲ್ಲ. ಒಂದು ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲ ಹತ್ತಿರ ನಿಂತಳು.

"ಅಕ್ಕಾರ, ಆ ಮೀನಿನ ಪೆಟಿಗಿ ನಾ ಒರಸಾಂಗಿಲ್ರಿ. ನೀರು ಕಚ್ಚತೈತಿ."

"ನೀರು ಕಚ್ಚತದ?"

"ಕೈ ಇಟ್ರ ಚುರುಕ್ ಅಂತೈತ್ರಿ. ಮೊಳಕೈ ತನಾ ಜುಮ್ ಹಿಡೀತೈತಿ. ಮೂರು ದಿನ ಆತು."

ಕೇತಕಿಬಾಯಿ ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಸರಿಸಿ ಕೈಯನ್ನು ಮುಂಗೈವರೆಗೆ ಮುಳುಗಿಸಿದರು. ನೀರು ತಣ್ಣಗಿತ್ತು, ಅಷ್ಟೆ. ದಿನಾ ಬೆಳಿಗ್ಗೆ ಕಾಳು ಹಾಕುವಾಗ ಇದೇ ಕೈಯನ್ನು ಇದೇ ನೀರಿನಲ್ಲಿ ಅದ್ದುತ್ತಿದ್ದರಲ್ಲ. "ಏನೂ ಇಲ್ಲಲ್ಲ," ಎಂದರು. ಶಿವಗಂಗವ್ವ, "ನನಗ ಆಗೇತ್ರಿ," ಎಂದಷ್ಟೇ ಹೇಳಿದಳು.

ಬಸ್ಸಿನಲ್ಲಿ ಆ ದಿನ ಬಾಯಿಯವರು ಇದನ್ನೇ ಹೇಳುತ್ತ ಬಂದರು. ಸ್ವಿಚ್ಚು ಆರಿಸಲು ಈಗ ಆಗುತ್ತಿಲ್ಲ, ಅದಕ್ಕೆ ಹೊಸ ನೆವ. ಗಾಜು ಉಜ್ಜುವ ಕೆಲಸ ಬೇಡವಾಗಿದೆ. ಮೊದಲಿನಿಂದಲೂ ಬೇಡವಾಗಿತ್ತು. ನಾನು ಹೂಂ ಎನ್ನುತ್ತ ಬಂದೆ.

ಆದರೂ ಅವರು ಪರೀಕ್ಷೆ ಮಾಡದೆ ತೀರ್ಪು ಕೊಡುವವರಲ್ಲ. ಗುರುವಾರ ಹಂಗಾಮಿನ ನಡುವೆಯೂ ಅರ್ಧ ದಿನದ ರಜೆ ಬರೆದು ಕೊಟ್ಟು ಮನೆಯಲ್ಲೇ ಉಳಿದರು. ಹನ್ನೊಂದಕ್ಕೆ ಶಿವಗಂಗವ್ವ ಬಂದಳು, ನೆಲ ಒರೆಸಿದಳು. ನೆಲ ಇನ್ನೂ ಹಸಿಯಿತ್ತು, ಎರಡೂ ಮೋಟರು ನಡೆಯುತ್ತಿದ್ದವು. ಕೇತಕಿಬಾಯಿ ಅವಳ ಕಣ್ಣೆದುರಿಗೇ ಮೊಳಕೈವರೆಗೆ ಕೈ ಹಾಕಿ ನಿಂತರು. ಏನೂ ಆಗಲಿಲ್ಲ. ಹಿಮ್ಮಡಿ ನೋವೆಂದು ಅವರು ಮನೆಯೊಳಗೂ ದಪ್ಪ ರಬ್ಬರಿನ ಚಪ್ಪಲಿ ಹಾಕಿಕೊಂಡಿರುತ್ತಿದ್ದರು. ಅದು ಅವರಿಗಾಗಲಿ ಅವಳಿಗಾಗಲಿ ನೆನಪಿಗೆ ಬರಲಿಲ್ಲ.

"ಎಲ್ಲಿ ಕಚ್ಚತದ, ತೋರಿಸು. ಈಗ ನೀ ಹಾಕು ಕೈ."

"ಒಲ್ಲೆರಿ."

"ಯಾಕ?"

"ಅಂಜಿಕಿ ಬರ್ತೈತ್ರಿ."

"ನನಗ ಏನೂ ಮಾಡೂದಿಲ್ಲ, ನಿನ್ನನ್ನಷ್ಟ ಕಚ್ಚತದೇನು ಅದು? ಒಂಬತ್ತು ವರ್ಷ ಆತು ಶಿವಗಂಗವ್ವ, ಕೆಲಸ ಬ್ಯಾಡಾದ್ರ ಬ್ಯಾಡ ಅನ್ನು. ಸುಳ್ಳು ಯಾಕ ಹೇಳ್ತಿ? ಸ್ವಿಚ್ಚು ಕೆಳಗ ಮಾಡ್ತಿದ್ದವಳೂ ನೀನ ಅಲ್ಲೇನು?"

ಶಿವಗಂಗವ್ವ ಬಕೆಟ್ಟು ಎತ್ತಿಕೊಂಡಳು. ನೆಲ ಒರೆಸುವ ಬಟ್ಟೆಯನ್ನು ಹಿತ್ತಿಲಿಗೆ ಒಯ್ದು, ಎರಡು ನೀರಿನಲ್ಲಿ ಹಿಂಡಿ, ತಂತಿಯ ಮೇಲೆ ಸುಕ್ಕಿಲ್ಲದಂತೆ ಹರವಿದಳು. ಬಕೆಟ್ಟನ್ನು ಮಗುಚಿ ಇಟ್ಟಳು. ಮಥುರಾಬಾಯಿಯವರ ಹತ್ತಿರ ಹೋಗಿ, ಅವರಿಗೆ ಕೇಳಿಸುವಂತೆ ಕಿವಿಯ ಬಳಿ ಬಗ್ಗಿ, "ಬರ್ತೇನ್ರಿ ಅಮ್ಮಾರ," ಎಂದು ಹೇಳಿ ಹೊರಟುಹೋದಳು. ಮರುದಿನ ಬರಲಿಲ್ಲ. ತಂಗಿ ಸತ್ಯವ್ವನ ಊರು ಚಿಕ್ಕಪಡಸಲಗಿಗೆ ಹೋಗಿದ್ದಾಳೆ ಎಂದು ಓಣಿಯವರು ಹೇಳಿದರು.

"ಓಡಿ ಹೋದ್ಲು ಅಂದ ಮ್ಯಾಲ ಇನ್ನೇನು ಬೇಕು," ಎಂದು ಕೇತಕಿಬಾಯಿ ನನಗೆ ಹೇಳಿದರು. ಧ್ವನಿಯಲ್ಲಿ ಗೆದ್ದ ಸಡಗರವೇನೂ ಇರಲಿಲ್ಲ. ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ಅವರು ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತ ಕೂತಿದ್ದರು.

ರವಿವಾರ ಬಂತು. ಮೂರು ದಿನದ ಪಾತ್ರೆ, ಬಟ್ಟೆ, ಕಸ ಎಲ್ಲ ಅವರ ತಲೆಯ ಮೇಲೆ. ಅಲೆಯ ಮೋಟರನ್ನು ಬಿಚ್ಚಿ ನೆನೆಹಾಕಲು ಪುರುಸೊತ್ತು ಸಿಗಲಿಲ್ಲ, ಮುಂದಿನ ವಾರ ನೋಡೋಣ ಎಂದು ಬಿಟ್ಟರು. ಪಡಸಾಲೆಯ ನೆಲ ಒರೆಸಲು ಕೂತಾಗ ಹನ್ನೊಂದಾಗಿತ್ತು. ಒದ್ದೆ ನೆಲದ ಮೇಲೆ ರಬ್ಬರ್ ಚಪ್ಪಲಿ ಜಾರುತ್ತದೆಂದು ಕಳಚಿ ಹೊಸ್ತಿಲಾಚೆ ಬಿಟ್ಟಿದ್ದರು. ಒರೆಸಿ ಮುಗಿಸಿ, ಬರಿಗಾಲಲ್ಲೇ ಎದ್ದು, ಗಾಜಿನ ಪಾಚಿ ಉಜ್ಜಲು ಬಟ್ಟೆ ಹಿಡಿದು ನೀರಿಗೆ ಕೈ ಹಾಕಿದರು.

ಆಮೇಲೆ ಏನಾಯಿತೆಂದು ಅವರಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಯಾರೋ ಭುಜಕ್ಕೆ ದೊಣ್ಣೆಯಿಂದ ಹೊಡೆದಂತಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲೆ ಗೋಡೆಗೆ ಒರಗಿ ಬಿದ್ದಿದ್ದರು. ಬಕೆಟ್ಟು ಉರುಳಿ ಪಡಸಾಲೆಯ ತುಂಬ ನೀರು. ಬಲಗೈ ತಮ್ಮದಲ್ಲವೆಂಬಂತೆ ಜೋತುಬಿದ್ದಿತ್ತು. ಶಿವಗಂಗವ್ವನ ಮಾತು ಆಗ ನೆನಪಾಯಿತು, ಅವಳು ಹೇಳಿದ ಹಾಗೆಯೇ. ಮೊಳಕೈ ತನಾ ಜುಮ್.

ಅಡುಗೆಮನೆಯ ಬಾಗಿಲಲ್ಲಿ ಮಥುರಾಬಾಯಿ ಕಾಣಿಸಿದರು. ಮಗಳು ಬಿದ್ದದ್ದನ್ನು ನೋಡಿ ಕೋಲೂರುತ್ತ ಬರತೊಡಗಿದರು, ಬರಿಗಾಲಲ್ಲಿ, ಆ ನೀರಿನ ಮೇಲೆ. ಪೆಟ್ಟಿಗೆಯ ನೀರು ಚೆಲ್ಲಿ ಕಬ್ಬಿಣದ ಸ್ಟ್ಯಾಂಡು ಮೇಲಿಂದ ಕೆಳಗೆ ತೊಯ್ದಿತ್ತು, ಮುಟ್ಟಿದರೆ ಅದೂ ಹೊಡೆಯಬಹುದಿತ್ತು. "ಬರಬ್ಯಾಡ ಆಯಿ, ಅಲ್ಲೇ ನಿಲ್ಲು," ಎಂದರು ಕೇತಕಿಬಾಯಿ. ಮುದುಕಿಗೆ ಕೇಳಿಸಲಿಲ್ಲ. ಅವರು ನೀರಿನ ಮೇಲೆ ಕಾಲಿಟ್ಟು, ಸ್ವಲ್ಪ ಜಾರಿ, ಹಿಡಿದುಕೊಳ್ಳಲು ಸ್ಟ್ಯಾಂಡಿನ ಕಡೆ ಕೈ ಚಾಚಿದರು. ಕೇತಕಿಬಾಯಿ ಇದ್ದ ಒಂದು ಎಡಗೈಯಿಂದ ತಾಯಿಯ ಸೀರೆಯ ನೆರಿಗೆಯನ್ನು ಸಿಕ್ಕಷ್ಟು ಹಿಡಿದು ಎಳೆದುಬಿಟ್ಟರು. ಮಥುರಾಬಾಯಿ ಮಗಳ ಮೈಮೇಲೆ ಬಿದ್ದರು.

ತಾಯಿಯನ್ನು ಒಣನೆಲಕ್ಕೆ ಸರಿಸಿ, ಗೋಡೆ ಹಿಡಿದು ಹೊರಗಿನ ಕಟ್ಟೆಗೆ ಹೋಗಿ, ಕೇತಕಿಬಾಯಿ ಮನೆಯ ಮೇನ್ ಸ್ವಿಚ್ಚು ಇಳಿಸಿದರು. ಮನೆಯೆಲ್ಲ ಗಪ್ಪಾಯಿತು. ಒಳಗಿನಿಂದ ತಾಯಿಯ ಧ್ವನಿ ಬಂತು.

"ಬಿದ್ದವಳನ್ನ ಎತ್ತಲಿಕ್ಕೆ ಬಂದ್ರ ನನ್ನನ್ನೂ ಕೆಡವಿದ್ಯಲ್ಲ."

ಕೇತಕಿಬಾಯಿ ಆಗ ಅತ್ತರಂತೆ. ಅವರು ಅಳುವುದನ್ನು ನಾನು ಕಂಡವನಲ್ಲ, ಅವರೇ ಹೇಳಿದ್ದರಿಂದ ನಂಬಿದ್ದೇನೆ.

ಮೇನ್ ಇಳಿಸಿದ ಮೇಲೆ ಮೀನಿಗೆ ಗಾಳಿಯಿಲ್ಲ. ಕಲ್ಮೇಶನ ಫೋನು ಹತ್ತಲಿಲ್ಲ. ಅವನ ಮನೆಗೆ ಹೋಗಿ ಕರೆತರಬೇಕು, ಇತ್ತ ಮೀನುಗಳು ಆಗಲೇ ಮೇಲೆ ಬರುತ್ತಿದ್ದವು. ಮಥುರಾಬಾಯಿ ಸೊಂಟ ನೀವಿಕೊಳ್ಳುತ್ತ ನೋಡಿದರು.

"ಅವಕ್ಕ ಏನು ಬೇಕು, ಗಾಳಿ ಹೌದಲ್ಲೋ? ನೀರು ಎತ್ತಿ ಎತ್ತಿ ಹಾಕಿದ್ರ ಆಗ್ತದೇನು?"

"ಆಗ್ತದ ಆಯಿ. ಆದ್ರ ನೀ..."

"ಕುರ್ಚಿ ಹಾಕು. ತಂಬಿಗಿ ಕೊಡು. ಕರೆಂಟ್ ಖರೆನ ಹೋಗ್ಯದೋ ಇಲ್ಲೋ, ಅದನ್ನ ಮೊದಲ ಹೇಳು."

ಕಲ್ಮೇಶ ಒಂದು ಮದುವೆಯ ಮಂಟಪದಲ್ಲಿ ದೀಪ ಕಟ್ಟುತ್ತಿದ್ದ. ಅವನನ್ನು ಹುಡುಕಿ ಕರೆತರುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ದಾರಿಯಲ್ಲಿ ನನ್ನ ಮನೆ. ವಿಷಯ ಕೇಳಿ ನಾನೂ ಜೊತೆಗೆ ಹೋದೆ. ಪಡಸಾಲೆಯಲ್ಲಿ ಮಥುರಾಬಾಯಿ ಮಡಿಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಕುರ್ಚಿಯಲ್ಲಿ ಕೂತು, ತಂಬಿಗೆಯಲ್ಲಿ ಪೆಟ್ಟಿಗೆಯ ನೀರನ್ನು ಮೊಗೆದು ಎತ್ತರದಿಂದ ಅದಕ್ಕೇ ಸುರಿಯುತ್ತಿದ್ದರು. ಎರಡು ತಾಸು ಮಾಡಿದ್ದರು. ಈಗ ತಂಬಿಗೆಯನ್ನು ಎರಡೂ ಕೈಯಿಂದ ಎತ್ತುತ್ತಿದ್ದರು. ಮೂಗಿಗೆ ಸೆರಗು ಇರಲಿಲ್ಲ.

ತಂಬಿಗೆ ಇಸಿದುಕೊಂಡು ಉಳಿದ ಕೆಲಸವನ್ನು ನಾನು ಮಾಡಿದೆ. ಕಲ್ಮೇಶ ಗಾಜಿಗೆ ಕಚ್ಚಿಕೊಂಡಿದ್ದ ಅಲೆಯ ಮೋಟರನ್ನು ಕಿತ್ತು ಹೊರಗೆ ತೆಗೆದ. ಅದರ ಬೆನ್ನಿನ ಮೇಣದಂಥ ಮುಚ್ಚಳ ಉದ್ದಕ್ಕೆ ಬಿರಿದಿತ್ತು. ಒಳಗಿನ ತಾಮ್ರದ ಸುರುಳಿ ಹಸಿರುಗಟ್ಟಿ ತುಪ್ಪಳದಂತೆ ಉಬ್ಬಿತ್ತು.

"ನಾ ಅವತ್ತ ಬಂದಾಗ ಇದು ನಿಂತಿತ್ತೇನ್ರಿ ಮೇಡಂ? ಎಷ್ಟೊತ್ತಿಗೆ ಶುರು ಆಗ್ತೈತಿ?"

"ಹತ್ತಕ್ಕ. ಟೈಮರ್ ಅದ," ಎಂದ ಕೇತಕಿಬಾಯಿ ಅಲ್ಲಿಗೇ ನಿಂತರು. ಬೆಳಿಗ್ಗೆ ಏಳಕ್ಕೆ ಕೈ ಹಾಕಿದಾಗ ಯಾಕೆ ಏನೂ ಆಗಲಿಲ್ಲ, ಮೋಟರು ಬಿಚ್ಚಿ ನೆನೆಹಾಕಿದ್ದ ರವಿವಾರ ಸ್ವಿಚ್ಚು ಯಾಕೆ ಬೀಳಲಿಲ್ಲ, ಕಲ್ಮೇಶನಿಗೆ ಆ ಸಂಜೆ ಯಾಕೆ ಏನೂ ಸಿಗಲಿಲ್ಲ, ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಬಂದು ಹೋದದ್ದು ನನಗೆ ಕಂಡಿತು. ಗುರುವಾರದ್ದು ಮಾತ್ರ ಅವರಿಗೆ ಬಗೆಹರಿಯಲಿಲ್ಲ. "ಹನ್ನೊಂದಕ್ಕ ನಾನೂ ಕೈ ಹಾಕಿದ್ನಲ್ಲ? ಮೋಟರು ನಡದಿತ್ತು."

ಕಲ್ಮೇಶ ಹೊಸ್ತಿಲಾಚೆ ಬಿದ್ದಿದ್ದ ರಬ್ಬರ್ ಚಪ್ಪಲಿಯ ಕಡೆ ನೋಡಿದ. "ಕಾಲಾಗ ಅವು ಇದ್ವೇನ್ರಿ?"

ಕೇತಕಿಬಾಯಿ ತಮ್ಮ ಬರಿಗಾಲು ನೋಡಿಕೊಂಡರು.

"ರಬ್ಬರ್ ಮ್ಯಾಲ ನಿಂತ್ರ ಕರೆಂಟಿಗೆ ನೆಲ ಸಿಗಾಂಗಿಲ್ರಿ. ಮೀನಕ್ಕೂ ಹಂಗ, ನೆಲದ ಸಂಬಂಧ ಇಲ್ಲ, ತಂತಿ ಮ್ಯಾಲಿನ ಹಕ್ಕಿ ಇದ್ದಂಗ. ಬರಿಗಾಲಾಗ, ಹಸಿ ನೆಲದ ಮ್ಯಾಲ ನಿಂತವರನ್ನ ಹಿಡಿತೈತಿ." ಅವನು ಗೋಡೆಯ ಸ್ವಿಚ್ಚನ್ನು ತೋರಿಸಿದ. "ಇದು ದಿನಾ ಬಿದ್ದು ಬಿದ್ದು ಹೇಳಾಕತ್ತಿತ್ರಿ. ನಾ ಅವತ್ತ ನಿಮ್ಮ ಮಾತು ಕೇಳಬಾರದಿತ್ತು. ನನ್ನ ತಪ್ಪೂ ಐತಿ."

ಕಪಾಟಿನಲ್ಲಿದ್ದ ಗಾಳಿಯ ಸಣ್ಣ ಮೋಟರನ್ನು ಹೊಸ ಲೈನಿಗೆ ಹಾಕಿ, ಹಳೆಯ ಸ್ವಿಚ್ಚನ್ನು ತಿರುಗಿ ಜೋಡಿಸಿ ಅವನು ಹೋದಾಗ ನಾಲ್ಕಾಗಿತ್ತು. ತಾಮ್ರದ ವಿಷ ನೀರಿಗೆ ಇಳಿದಿತ್ತು. ಕೇತಕಿಬಾಯಿ ದಿನಾ ಅರ್ಧ ನೀರು ಬದಲಿಸಿದರು. ಆದರೂ ಸೋಮವಾರ ಸೀಗಡಿ ಹೋಯಿತು, ಬುಧವಾರದೊಳಗೆ ಬಸವನಹುಳುಗಳೆಲ್ಲ ಗಾಜು ಬಿಟ್ಟು ಕೆಳಗೆ ಬಿದ್ದವು. ನೀಲಿ ಮೀನು ಒಂದು ವಾರ ಮೂಲೆಯಲ್ಲಿ ನಿಂತು ಸತ್ತಿತು. ಪಟ್ಟೆಯ ಮೀನೆರಡೂ ಉಳಿದವು.

ಮುಂದಿನ ರವಿವಾರ ಅವರು ಚಿಕ್ಕಪಡಸಲಗಿಯ ಬಸ್ಸು ಹತ್ತಿದರು. ನಾನೂ ಬರುತ್ತೇನೆ ಎಂದೆ, ಬೇಡ ಎಂದರು. ಆಮೇಲೆ ಏನನ್ನಿಸಿತೋ, "ಬರ್ರಿ, ನೀವೂ ಒಂದು ಮಾತು ಆಡಿದವರ," ಎಂದರು.

ಶಿವಗಂಗವ್ವ ಬ್ಯಾರೇಜಿನ ಕೆಳಗೆ ಹೊಳೆಯ ದಂಡೆಯಲ್ಲಿ ಕೌದಿ ಒಗೆಯುತ್ತಿದ್ದಳು. ನಮ್ಮನ್ನು ನೋಡಿದಳು, ಒಗೆಯುವುದನ್ನು ನಿಲ್ಲಿಸಲಿಲ್ಲ. ನಾವು ಯಾಕೆ ಬಂದಿದ್ದೇವೆ ಎಂದು ಅವಳ ಕಣ್ಣು ಅಳೆಯುತ್ತಿತ್ತು. ಏನಾದರೂ ಕಳುವಾಗಿದೆ ಎಂದು ಬಂದಿದ್ದಾರೆಯೇ ಎಂದು ಅವಳು ಅಂಜಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು.

ಕೇತಕಿಬಾಯಿ ಕಲ್ಲಿನ ಮೇಲೆ ಕೂತರು. "ನೀ ಹೇಳಿದ್ದು ಖರೆ ಇತ್ತು. ನನಗೂ ಹೊಡೀತು. ಆಯಿ ಸ್ವಲ್ಪದರಾಗ ಉಳದ್ಲು."

"ಅಮ್ಮಾರಿಗೆ ಏನಾರ ಆತೇನ್ರಿ?" ಅವಳ ಕೈ ಆಗ ನಿಂತಿತು.

"ಇಲ್ಲ. ಬಿದ್ದಾಳ, ಸೊಂಟ ನೋಯ್ತದ. ಅಷ್ಟ."

ಶಿವಗಂಗವ್ವ ಕೌದಿಯ ಒಂದು ಅಂಚನ್ನು ಹಿಂಡಿದಳು. "ಒಂಬತ್ತು ವರ್ಷ ನಿಮ್ಮ ಮನಿ ಕೀಲಿ ನನ್ನ ಕಡೆ ಇತ್ರಿ ಅಕ್ಕಾರ. ಕೈಯಾಗ ಕೀಲಿ ಕೊಟ್ರಿ, ಬಾಯಾಗಿನ ಮಾತು ಮಾತ್ರ ನಂಬಲಿಲ್ಲ. ನಾ ಹೇಳಿದ್ದು ಖರೆ ಅಂತ ನಿಮ್ಮ ಕೈನ ನಿಮಗ ಹೇಳಬೇಕಾತು."

"ತಪ್ಪಾತು ಶಿವಗಂಗವ್ವ."

ನಾನೂ ಏನೋ ಹೇಳಹೋದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನಮಗೆ ಚಹಾ ಕುಡಿಸಿದಳು, ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಕೇತಕಿಬಾಯಿ ಒಂದೇ ಮಾತು ಆಡಿದ್ದು. "ಚಹಾ ಕೊಟ್ಲು ಅಂದ್ರ ಸಿಟ್ಟು ಇಳದದ ಅಂತ ಅರ್ಥನೋ, ಅತಿಥಿ ಅಂತ ಕೊಟ್ಲೋ?"

ಸಂಕ್ರಮಣ ಕಳೆದು ನಾಲ್ಕು ದಿನಕ್ಕೆ ಅವಳು ಬಂದಳು. ಪಾತ್ರೆ, ನೆಲ ಎಲ್ಲ ಮೊದಲಿನಂತೆ ಮಾಡುತ್ತೇನೆ, ಆದರೆ ಪೆಟ್ಟಿಗೆಯ ಗಾಜು ಉಜ್ಜಬೇಕಾದರೆ ಕೇತಕಿಬಾಯಿ ಮನೆಯಲ್ಲಿ ಇರಬೇಕು ಎಂದು ಷರತ್ತು ಹಾಕಿದಳು. ಅದಕ್ಕಾಗಿ, ಮೋಟರು ನಡೆಯುತ್ತಿರುವಾಗಲೇ ನೀರು ನೋಡಿ ಹೋಗಲೆಂದು, ಅವರು ಹೊಸ ಮೋಟರಿನ ಟೈಮರನ್ನು ಆರೂವರೆಗೆ ತಂದರು, ಅವಳು ಏಳಕ್ಕೆ ಬರತೊಡಗಿದಳು. ಹೊಸ ಸೀಗಡಿ ತರಲಿಲ್ಲ. ಮಥುರಾಬಾಯಿ ಈಗ ಪಡಸಾಲೆಯಲ್ಲೇ ಕುರ್ಚಿ ಹಾಕಿಸಿಕೊಂಡು ಬತ್ತಿ ಹೊಸೆಯುತ್ತಾರೆ. ಮೀನಿನ ವಾಸನೆ ಇದೆ ಎಂದು ಇನ್ನೂ ಹೇಳುತ್ತಾರೆ.

ಕೇತಕಿಬಾಯಿಯ ಸ್ವಭಾವ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಲ್ಯಾಬಿನಲ್ಲಿ ಅವರು ಇದ್ದ ಹಾಗೆಯೇ ಇದ್ದಾರೆ. ಒಂದು ಮಾತ್ರ ಹೊಸದು. ಯಾರಾದರೂ ಬಂದು ಹೀಗಾಗುತ್ತಿದೆ ಎಂದು ಹೇಳಿದರೆ, ಮೊದಲು, "ನೀ ಎಲ್ಲಿ ನಿಂತಿದ್ದಿ ಆಗ?" ಎಂದು ಕೇಳುತ್ತಾರೆ. ಆ ಜಾಗಕ್ಕೆ ಹೋಗಿ ನಿಂತು ನೋಡುತ್ತಾರೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವರನ್ನು ಬಸ್ಸಿಗೆ ಕರೆಯಲು ಹೋದಾಗ ಪಡಸಾಲೆಯ ಬಾಗಿಲು ತೆರೆದಿತ್ತು. ನೆಲ ಆಗಷ್ಟೇ ಒರೆಸಿದ್ದು, ಹೊಳೆಯುತ್ತಿತ್ತು. ಕೇತಕಿಬಾಯಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಬಲಗೈಯನ್ನು ಮೊಳಕೈವರೆಗೆ ನೀರಿನಲ್ಲಿ ಇಳಿಬಿಟ್ಟಿದ್ದರು. ಪಟ್ಟೆಯ ಮೀನೊಂದು ಅವರ ಬೆರಳ ಹತ್ತಿರ ಬಂದು ಹೋಯಿತು. ಶಿವಗಂಗವ್ವ ಪಕ್ಕದಲ್ಲಿ ಒಣ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳು ನೀರನ್ನು ನೋಡುತ್ತಿರಲಿಲ್ಲ, ಮೀನನ್ನೂ ನೋಡುತ್ತಿರಲಿಲ್ಲ. ಕೇತಕಿಬಾಯಿಯ ಮುಖವನ್ನೇ ನೋಡುತ್ತಿದ್ದಳು.

"ಏನೂ ಇಲ್ಲ," ಎಂದರು ಕೇತಕಿಬಾಯಿ.

"ಇನ್ನೊಂದೀಟು ಇರ್ರಿ," ಎಂದಳು ಶಿವಗಂಗವ್ವ.